ಉಗುರಿನಗಲದ ಕಾರ್ಡಿನ ಮಾತನ್ನು ಎಷ್ಟು ನಂಬಬೇಕು?

ಕಳೆದ ತಿಂಗಳು ಮೇಜಿನ ಕೆಳಖಾನೆಯನ್ನು ಖಾಲಿ ಮಾಡುವಾಗ ಒಂದು ಪುಟ್ಟ ಡಬ್ಬಿಯಲ್ಲಿ ಹನ್ನೊಂದು ಮೆಮೊರಿ ಕಾರ್ಡುಗಳು ಸಿಕ್ಕವು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಂದಾದ ಮೇಲೊಂದರಂತೆ ನನ್ನ ಕೈಗೆ ಬಂದು ಹೋದ ಕ್ಯಾಮೆರಾ, ಫೋನು, ಧ್ವನಿಮುದ್ರಣ ಯಂತ್ರಗಳಿಂದ ಹೊರಬಿದ್ದು, ಆಮೇಲೆ ನೋಡೋಣವೆಂದು ಎತ್ತಿಟ್ಟವು ಅವು. ಅತ್ಯಂತ ಹಳೆಯದರ ಸಾಮರ್ಥ್ಯ 16 ಎಂಬಿ. ಅತ್ಯಂತ ಹೊಸದರದು 128 ಜಿಬಿ, ಅಂದರೆ ಮೊದಲನೆಯದರ ಎಂಟು ಸಾವಿರ ಪಟ್ಟು. ಗಾತ್ರ ಮಾತ್ರ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿತ್ತು: ಹಳೆಯದು ಅಂಗೈಯ ಅರ್ಧದಷ್ಟು ಜಾಗ ಹಿಡಿದರೆ, ಹೊಸದು ಕಿರುಬೆರಳಿನ ಉಗುರಿನ ಮೇಲೆ ಕೂರುತ್ತಿತ್ತು. ಎಲ್ಲವನ್ನೂ ಓದಿ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಬಿಡುವುದೆಂದು ಕುಳಿತೆ. ಒಂದು ಗಂಟೆಯ ಕೆಲಸವೆಂದು ಭಾವಿಸಿದ್ದು ಮೂರು ಸಂಜೆಗಳನ್ನು ತಿಂದಿತು. ಆರು ಕಾರ್ಡುಗಳು ತಕರಾರಿಲ್ಲದೆ ತಮ್ಮಲ್ಲಿದ್ದುದನ್ನು ಒಪ್ಪಿಸಿದವು, ಎರಡು ಅರ್ಧಂಬರ್ಧ ಓದಿಸಿಕೊಂಡವು, ಒಂದು ಕಂಪ್ಯೂಟರಿಗೆ ಕಾಣಿಸಿಕೊಳ್ಳಲೇ ಇಲ್ಲ, ಒಂದನ್ನು ತೂರಿಸಲು ನನ್ನ ಬಳಿ ರೀಡರ್ ಇರಲಿಲ್ಲ. ಉಳಿದ ಒಂದು ಕಾರ್ಡು ನನ್ನ ಕೈಸೇರಿದ ದಿನದಿಂದಲೂ ಸುಳ್ಳು ಹೇಳಿಕೊಂಡೇ ಬಂದಿತ್ತು.

ಆ ಸುಳ್ಳುಗಾರನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೆಮೊರಿ ಕಾರ್ಡ್ ಎಂಬ ವಸ್ತು ನಿಜವಾಗಿ ಏನೆಂಬುದು ನನಗೆ ಅರ್ಥವಾದದ್ದು ಅದರಿಂದ. ಅದರ ಮೈಮೇಲೆ 64 ಜಿಬಿ ಎಂದು ಅಚ್ಚಾಗಿತ್ತು. ಕ್ಯಾಮೆರಾಕ್ಕೆ ಹಾಕಿದಾಗ ಕ್ಯಾಮೆರಾ ಅದನ್ನು ಒಪ್ಪಿತು, ಕಂಪ್ಯೂಟರಿಗೆ ಹಾಕಿದಾಗ ಕಂಪ್ಯೂಟರೂ ಒಪ್ಪಿತು. ಒಂದು ದೀರ್ಘ ಪ್ರವಾಸದಲ್ಲಿ ಅದರ ಮೇಲೆ ಎರಡು ಸಾವಿರಕ್ಕೆ ಹತ್ತಿರದಷ್ಟು ಚಿತ್ರಗಳನ್ನು ತೆಗೆದಿದ್ದೆ. ಹಿಂದಿರುಗಿದ ಮೇಲೆ ಮೊದಲ ದಿನಗಳ ಕೆಲವನ್ನು ಮಾತ್ರ ನೋಡಿ, ಕಾರ್ಡನ್ನು ಹಾಗೆಯೇ ಡಬ್ಬಿಗೆ ಹಾಕಿದ್ದೆ. ಈಗ ತೆರೆದಾಗ ಕಡತಗಳ ಹೆಸರುಗಳೆಲ್ಲ ಇದ್ದವು, ದಿನಾಂಕಗಳು ಸರಿಯಿದ್ದವು, ಪ್ರತಿಯೊಂದರ ಗಾತ್ರವೂ ಸರಿಯಾಗಿ ಕಾಣುತ್ತಿತ್ತು. ಆದರೆ ಸುಮಾರು 1,200ನೆಯ ಚಿತ್ರದಿಂದಾಚೆಗೆ ಒಂದೂ ತೆರೆದುಕೊಳ್ಳಲಿಲ್ಲ. ಕಡತದ ಒಳಗೆ ಇಣುಕಿ ನೋಡಿದರೆ ಆದಿಯಿಂದ ಅಂತ್ಯದವರೆಗೆ ಬರೀ ಸೊನ್ನೆಗಳು.

ಹೀಗೇಕಾಯಿತೆಂದರೆ, ಕಾರ್ಡಿನ ಒಳಗಿರುವುದು ಬರಿಯ ಸ್ಮೃತಿಯಲ್ಲ. ಮಾಹಿತಿಯನ್ನು ಹಿಡಿದಿಡುವ ಒಂದು ಅಥವಾ ಹೆಚ್ಚು ಫ್ಲ್ಯಾಷ್ ಚಿಪ್ಪುಗಳ ಜೊತೆಗೆ ಕಂಟ್ರೋಲರ್ ಎಂಬ ಇನ್ನೊಂದು ಚಿಪ್ಪು ಇರುತ್ತದೆ. ಅದು ತನ್ನದೇ ಪ್ರೊಸೆಸರನ್ನೂ ತನ್ನದೇ ತಂತ್ರಾಂಶವನ್ನೂ ಹೊಂದಿರುವ ಒಂದು ಪುಟ್ಟ ಗಣಕ. ಕ್ಯಾಮೆರಾ ಆಗಲಿ ಕಂಪ್ಯೂಟರಾಗಲಿ ಫ್ಲ್ಯಾಷ್ ಚಿಪ್ಪನ್ನು ನೇರವಾಗಿ ಮುಟ್ಟುವುದಿಲ್ಲ. ಇಂತಿಷ್ಟನೆಯ ವಿಳಾಸದಲ್ಲಿ ಇದನ್ನು ಬರೆ, ಇಂತಿಷ್ಟನೆಯ ವಿಳಾಸದಲ್ಲಿರುವುದನ್ನು ಓದಿಕೊಡು ಎಂದು ಕಂಟ್ರೋಲರಿಗೆ ಆಜ್ಞೆ ಕೊಟ್ಟು ಸುಮ್ಮನಾಗುತ್ತವೆ. ನಿನ್ನಲ್ಲಿ ಒಟ್ಟು ಎಷ್ಟು ಜಾಗವಿದೆ ಎಂಬ ಪ್ರಶ್ನೆಗೂ ಉತ್ತರಿಸುವುದು ಕಂಟ್ರೋಲರೇ. 8 ಜಿಬಿ ಚಿಪ್ಪಿರುವ ಕಾರ್ಡಿನ ಕಂಟ್ರೋಲರಿಗೆ 64 ಎಂದು ಹೇಳಲು ಯಾರಾದರೂ ಕಲಿಸಿಬಿಟ್ಟರೆ, ಕೇಳಿದವರೆಲ್ಲ ನಂಬುತ್ತಾರೆ. ಇಲ್ಲದ ಜಾಗಕ್ಕೆ ಬರೆಯಲು ಹೇಳಿದಾಗ ಅಂತಹ ಕಾರ್ಡು ಎರಡರಲ್ಲಿ ಒಂದನ್ನು ಮಾಡುತ್ತದೆ: ಬಂದ ದತ್ತಾಂಶವನ್ನು ಸದ್ದಿಲ್ಲದೆ ಚೆಲ್ಲಿ ಬರೆದಾಯಿತೆಂದು ವರದಿ ಮಾಡುತ್ತದೆ, ಇಲ್ಲವೇ ಸುತ್ತು ಹಾಕಿ ಮತ್ತೆ ಮೊದಲಿಗೆ ಬಂದು ಹಳೆಯದರ ಮೇಲೆಯೇ ಬರೆಯುತ್ತದೆ. ನನ್ನದು ಮೊದಲನೆಯ ಜಾತಿ. ಕಡತಗಳ ಹೆಸರು, ಗಾತ್ರಗಳ ಪಟ್ಟಿ ಕಾರ್ಡಿನ ಆರಂಭದ ಭಾಗದಲ್ಲಿ, ಅಂದರೆ ನಿಜವಾಗಿಯೂ ಇರುವ ಜಾಗದಲ್ಲಿ ಇದ್ದುದರಿಂದ ಅದು ಉಳಿದುಕೊಂಡಿತು. ಒಳಗಿನ ತಿರುಳು ಹೋಯಿತು. ಎರಡನೆಯ ಜಾತಿಯದಾಗಿದ್ದರೆ ಆ ಪಟ್ಟಿಯ ಮೇಲೆಯೇ ಬರೆದು ಎಲ್ಲವನ್ನೂ ಒಮ್ಮೆಗೇ ಕೆಡಿಸುತ್ತಿತ್ತು, ಮೋಸವಾದರೂ ಬೇಗ ಬಯಲಾಗುತ್ತಿತ್ತು. ಚಿತ್ರ ತೆಗೆದ ಕೂಡಲೇ ಕ್ಯಾಮೆರಾದ ಪರದೆಯ ಮೇಲೆ ಅದು ಮೂಡುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆ ಕ್ಷಣದಲ್ಲಿ ತೋರುವ ಚಿತ್ರ ಬರುವುದು ಕ್ಯಾಮೆರಾದ ಸ್ವಂತ ತಾತ್ಕಾಲಿಕ ಸ್ಮೃತಿಯಿಂದ. ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ.

ಇಂತಹ ಕಾರ್ಡನ್ನು ಕಂಡುಹಿಡಿಯಲು ನೆಚ್ಚಬಹುದಾದ ದಾರಿ ಇದು. ಅದನ್ನು ಅಂಚಿನವರೆಗೆ ತುಂಬಿಸಬೇಕು, ಹೊರತೆಗೆದು ಮತ್ತೆ ಹಾಕಬೇಕು, ಬರೆದದ್ದೆಲ್ಲವನ್ನೂ ಓದಿ ಹೋಲಿಸಬೇಕು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಮಾಡುವುದು ಇದನ್ನೇ. ನಡುವೆ ಹೊರತೆಗೆದು ಹಾಕುವುದು ಸುಮ್ಮನೆ ಹೇಳಿದ ಮಾತಲ್ಲ. ಈಗಷ್ಟೇ ಬರೆದದ್ದನ್ನು ಓದಲು ಹೇಳಿದರೆ ಕಂಪ್ಯೂಟರು ಕಾರ್ಡನ್ನು ಕೇಳದೆ ತನ್ನ ನೆನಪಿನಿಂದಲೇ ತೆಗೆದುಕೊಟ್ಟುಬಿಡುವುದುಂಟು. ನಾಲ್ಕು ಕಡತಗಳನ್ನು ನಕಲಿಸಿ ತೆರೆದು ನೋಡಿ ಕಾರ್ಡು ಸರಿಯಿದೆಯೆಂದು ತೀರ್ಮಾನಿಸುವುದಂತೂ ನಿಷ್ಪ್ರಯೋಜಕ, ಏಕೆಂದರೆ ಆ ನಾಲ್ಕು ಕಡತಗಳು ಇರುವ ಜಾಗದಲ್ಲೇ ಕೂರುತ್ತವೆ. ಎಫ್3 ನನ್ನ ಕಾರ್ಡಿಗೆ ಕೊಟ್ಟ ಅಂಕಿ 8 ಜಿಬಿಗೂ ಕಡಿಮೆಯಿತ್ತು. ಅಂದಹಾಗೆ, ಪ್ರಾಮಾಣಿಕವಾದ 64 ಜಿಬಿ ಕಾರ್ಡೂ ವಿಂಡೋಸ್‌ನಲ್ಲಿ 59.6 ಎಂದೇ ಕಾಣುತ್ತದೆ, ಮತ್ತು ಅದು ಮೋಸವಲ್ಲ. ತಯಾರಕರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸಿದರೆ, ವಿಂಡೋಸ್ 1,024ರ ಗುಣಾಕಾರದಲ್ಲಿ ಎಣಿಸುತ್ತದೆ, ಅಷ್ಟೆ.

ಈಗ ಆ ಕಂಟ್ರೋಲರ್ ಏಕೆ ಬೇಕೆಂಬ ಪ್ರಶ್ನೆ. ಇದಕ್ಕೆ ಉತ್ತರ ಫ್ಲ್ಯಾಷ್ ಸ್ಮೃತಿಯ ಸ್ವಭಾವದಲ್ಲಿದೆ. ತೋಶಿಬಾದ ಎಂಜಿನಿಯರ್ ಫುಜಿಯೊ ಮಸುಒಕ 1984ರಲ್ಲಿ ಫ್ಲ್ಯಾಷ್ ಸ್ಮೃತಿಯನ್ನು ಪರಿಚಯಿಸಿದರು. ಇಂದಿನ ಕಾರ್ಡುಗಳಲ್ಲಿರುವ ನ್ಯಾಂಡ್ ಎಂಬ ಬಗೆ 1987ರಲ್ಲಿ ಬಂತು. ದೊಡ್ಡ ಭಾಗವೊಂದು ಒಂದೇ ಹೊಡೆತಕ್ಕೆ ಅಳಿಸಿಹೋಗುವುದನ್ನು ಕಂಡ ಅವರ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಮಿಂಚುದೀಪ ನೆನಪಾಗಿ ಈ ಹೆಸರು ಬಂತೆನ್ನುತ್ತಾರೆ. ಇದರಲ್ಲಿ ಮಾಹಿತಿ ನಿಲ್ಲುವುದು ವಿದ್ಯುದಾವೇಶವಾಗಿ. ನಿರೋಧಕ ಪದರಗಳಿಂದ ಸುತ್ತುವರಿದ ಸೂಕ್ಷ್ಮ ಕೋಶದೊಳಕ್ಕೆ ಹೆಚ್ಚಿನ ವೋಲ್ಟೇಜಿನ ಬಲದಿಂದ ಎಲೆಕ್ಟ್ರಾನುಗಳನ್ನು ನುಗ್ಗಿಸಿದರೆ, ವಿದ್ಯುತ್ ಪೂರೈಕೆ ನಿಂತ ಮೇಲೂ ಅವು ಅಲ್ಲಿಯೇ ಸೆರೆಯಾಗಿರುತ್ತವೆ. ಆದರೆ ಬರೆಯುವುದು ಪುಟಗಳೆಂಬ ಸಣ್ಣ ಭಾಗಗಳ ಲೆಕ್ಕದಲ್ಲಿ, ಅಳಿಸುವುದು ಮಾತ್ರ ಅನೇಕ ಪುಟಗಳು ಸೇರಿದ ಬ್ಲಾಕುಗಳ ಲೆಕ್ಕದಲ್ಲಿ. ಒಮ್ಮೆ ಬರೆದ ಪುಟದ ಮೇಲೆ ನೇರವಾಗಿ ಮತ್ತೆ ಬರೆಯುವಂತಿಲ್ಲ. ಹೀಗಾಗಿ ಕಡತವೊಂದರಲ್ಲಿ ಒಂದಕ್ಷರ ಬದಲಾದರೂ ಕಂಟ್ರೋಲರು ಹೊಸ ಪುಟವನ್ನು ಬೇರೆಡೆ ಬರೆದು, ವಿಳಾಸದ ಪಟ್ಟಿಯನ್ನು ತಿದ್ದಿ, ಹಳೆಯ ಪುಟ ಕೆಲಸಕ್ಕೆ ಬಾರದ್ದೆಂದು ಗುರುತು ಹಾಕಿ, ಬಿಡುವಾದಾಗ ಉಪಯುಕ್ತ ಪುಟಗಳನ್ನು ಒಟ್ಟುಗೂಡಿಸಿ ಖಾಲಿಯಾದ ಬ್ಲಾಕನ್ನು ಅಳಿಸುತ್ತದೆ. ಯಾವ ಬ್ಲಾಕೂ ಅತಿಯಾಗಿ ಸವೆಯದಂತೆ ಕೆಲಸವನ್ನು ಹಂಚುವುದು, ಕೆಟ್ಟ ಬ್ಲಾಕುಗಳನ್ನು ಬದಿಗೆ ಸರಿಸುವುದು, ಓದುವಾಗ ನುಸುಳುವ ತಪ್ಪುಗಳನ್ನು ತಿದ್ದುವುದು ಇವೂ ಅದರ ಪಾಲಿನವೇ. ಬರೆಯುವ ನಡುವೆ ಕಾರ್ಡನ್ನು ಕಿತ್ತರೆ ಆ ಒಂದು ಚಿತ್ರವಷ್ಟೇ ಅಲ್ಲದೆ ಎಂದೋ ತೆಗೆದ ಬೇರೆ ಚಿತ್ರಗಳೂ ಹಾಳಾಗಬಹುದಾದದ್ದು ಇದೇ ಕಾರಣಕ್ಕೆ: ನಾವು ಕಿತ್ತ ಕ್ಷಣದಲ್ಲಿ ಅದು ಯಾವ ಹಳೆಯ ಪುಟವನ್ನು ಎಲ್ಲಿಂದ ಎಲ್ಲಿಗೆ ಸಾಗಿಸುತ್ತಿತ್ತೋ ನಮಗೆ ತಿಳಿಯದು.

ಅರ್ಧಂಬರ್ಧ ಓದಿಸಿಕೊಂಡ ಎರಡು ಕಾರ್ಡುಗಳ ಪೈಕಿ ಒಂದರ ಕಥೆ ಈ ಸವಕಳಿಯದು. 32 ಜಿಬಿಯ ಆ ಮೈಕ್ರೊಎಸ್‌ಡಿ ಕಾರ್ಡು ಬಾಗಿಲ ಮೇಲಿನ ಕ್ಯಾಮೆರಾದಲ್ಲಿ ಎರಡು ವರ್ಷ ಇತ್ತು. ಕ್ಯಾಮೆರಾ ಸೆಕೆಂಡಿಗೆ 15 ಮೆಗಾಬಿಟ್‌ನಂತೆ ಹಗಲಿರುಳು ಬರೆಯುತ್ತದೆಂದು ಇಟ್ಟುಕೊಂಡರೆ, ಎಂಟು ಬಿಟ್ಟಿಗೆ ಒಂದು ಬೈಟಿನ ಲೆಕ್ಕದಲ್ಲಿ ಗಂಟೆಗೆ ಸುಮಾರು 6.75 ಜಿಬಿ ಆಗುತ್ತದೆ. ಐದು ಗಂಟೆಯೊಳಗೆ ಕಾರ್ಡು ತುಂಬಿ, ದಿನಕ್ಕೆ ಐದು ಸಲ ಪೂರ್ತಿಯಾಗಿ ಅಳಿಸಿ ಬರೆದಂತಾಗುತ್ತದೆ. ವರ್ಷಕ್ಕೆ 1,800ಕ್ಕೂ ಹೆಚ್ಚು ಸಲ. ಒಂದು ಕೋಶದಲ್ಲಿ ಒಂದೇ ಬಿಟ್, ಅಂದರೆ ಒಂದು ಸೊನ್ನೆ ಅಥವಾ ಒಂದನ್ನು, ಇಡುವ ಹಳೆಯ ಮಾದರಿಯ ಫ್ಲ್ಯಾಷ್ ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯುವುದನ್ನು ತಾಳಿಕೊಳ್ಳುತ್ತಿತ್ತು. ಅದೇ ಕೋಶದಲ್ಲಿ ಮೂರು ಬಿಟ್ ತುರುಕಿದರೆ ಎಂಟು ಬೇರೆ ಬೇರೆ ಆವೇಶ ಮಟ್ಟಗಳನ್ನು ಗುರುತಿಸಬೇಕು, ನಾಲ್ಕಾದರೆ ಹದಿನಾರನ್ನು. ಮಟ್ಟಗಳ ನಡುವಿನ ಅಂತರ ಕಿರಿದಾದಷ್ಟೂ ಸ್ವಲ್ಪ ಸವೆದ ನಿರೋಧಕ ಪದರವೂ ತಪ್ಪಿಗೆ ಎಡೆಮಾಡುತ್ತದೆ. ಮೂರು ಬಿಟ್ಟಿನ ಫ್ಲ್ಯಾಷಿನ ಬಾಳಿಕೆ ಸಾವಿರ ಅಥವಾ ಕೆಲವು ಸಾವಿರ ಸಲಗಳ ಲೆಕ್ಕಕ್ಕೆ ಇಳಿಯುತ್ತದೆ. ಕಡಿಮೆ ದರಕ್ಕೆ ಹೆಚ್ಚು ಜಾಗ ಕೇಳಿದವರು ನಾವೇ ಆದ್ದರಿಂದ ದೂರುವ ಹಕ್ಕು ನಮಗೆ ಅಷ್ಟಾಗಿಲ್ಲ. ಸದಾ ಬರೆಯುವ ಕ್ಯಾಮೆರಾಗಳಿಗೆಂದೇ ಹೆಚ್ಚು ತಾಳಿಕೆಯ ಕಾರ್ಡುಗಳು ದೊರೆಯುತ್ತವೆ. ಅಲ್ಲಿ ಸಾಮಾನ್ಯ ಕಾರ್ಡನ್ನು ಹಾಕಿದ ತಪ್ಪು ನನ್ನದು. ಎರಡನೆಯದು ಹಳೆಯ ಫೋನಿನ 2 ಜಿಬಿ ಕಾರ್ಡು. ಅದು ಸವೆದಿರಲಿಲ್ಲ, ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದೆ. ಸೆರೆಯಾದ ಎಲೆಕ್ಟ್ರಾನುಗಳು ಅತಿ ನಿಧಾನವಾಗಿ ಸೋರುತ್ತವೆ, ಬಿಸಿಯಿರುವಲ್ಲಿ ಇನ್ನೂ ಬೇಗ ಸೋರುತ್ತವೆ. ಹಾಗೆ ಸೋರಿದ್ದರ ಫಲವೋ ಅಥವಾ ಬೇರೆ ದೋಷವೋ, ಅದರ ನಡುನಡುವಿನ ಭಾಗಗಳು ಓದಲು ಬರಲಿಲ್ಲ.

ಇಂತಹ ಕಾರ್ಡು ಕೈಗೆ ಬಂದಾಗ ಅದರಲ್ಲಿರುವ ಕಡತಗಳನ್ನು ಒಂದೊಂದಾಗಿ ತೆರೆದು ಹಿಂಸಿಸುವ ಬದಲು, ಇಡೀ ಕಾರ್ಡಿನ ಪ್ರತಿಬಿಂಬವನ್ನು ಒಂದೇ ಕಡತವಾಗಿ ಹಾರ್ಡ್ ಡಿಸ್ಕಿಗೆ ತೆಗೆದುಕೊಂಡು, ಆಮೇಲಿನ ಎಲ್ಲ ಪ್ರಯೋಗವನ್ನು ಆ ನಕಲಿನ ಮೇಲೆ ಮಾಡುವುದು ಕ್ಷೇಮ. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕಷ್ಟದ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಕಾರ್ಡು ಯಾವ ಗಳಿಗೆಯಲ್ಲಿ ಕೈಕೊಡುವುದೋ ಎಂಬಂತಿರುವಾಗ ಈ ಕ್ರಮ ಬಹಳ ಮುಖ್ಯ. ಪ್ರತಿಬಿಂಬದಿಂದ ಚಿತ್ರಗಳನ್ನು ಹೆಕ್ಕಲು ಫೋಟೋರೆಕ್ ಬಳಸಿದೆ. ಅದು ಕಡತಗಳ ಪಟ್ಟಿಯನ್ನು ನಂಬಿ ಕೂರದೆ, ಚಿತ್ರವೊಂದು ಆರಂಭವಾಗುವಾಗ ಇರುವ ನಿರ್ದಿಷ್ಟ ಗುರುತನ್ನು ಹುಡುಕಿಕೊಂಡು ಹೋಗುತ್ತದೆ. ಕ್ಯಾಮೆರಾದಲ್ಲಿ ಅಳಿಸಿದ ಚಿತ್ರ ಮರಳಿ ಸಿಗುವುದೂ ಇದರಿಂದಲೇ, ಏಕೆಂದರೆ ಅಳಿಸು ಎಂದಾಗ ಸಾಮಾನ್ಯವಾಗಿ ಹೋಗುವುದು ಪಟ್ಟಿಯಲ್ಲಿನ ನಮೂದು ಮಾತ್ರ. ಆ ಜಾಗದ ಮೇಲೆ ಇನ್ನೊಂದು ಚಿತ್ರ ಬರೆಯುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ, ಆದ್ದರಿಂದ ತಪ್ಪಿ ಅಳಿಸಿದವರು ತಕ್ಷಣ ಕಾರ್ಡನ್ನು ಹೊರತೆಗೆದು ಪಕ್ಕಕ್ಕಿಡಬೇಕು. ಕಾರ್ಡನ್ನು ಬೇರೊಬ್ಬರಿಗೆ ಕೊಡುವವರಿಗೆ ಇದೇ ಮಾತು ತಿರುಗಿ ನಿಲ್ಲುತ್ತದೆ: ತ್ವರಿತ ಫಾರ್ಮ್ಯಾಟ್ ಮಾಡಿ ಕೊಟ್ಟರೆ ಚಿತ್ರಗಳನ್ನೂ ಸೇರಿಸಿ ಕೊಟ್ಟಂತಾಗಬಹುದು. ಎರಡು ಕಾರ್ಡುಗಳಿಂದಲೂ ಬಹುಪಾಲು ಚಿತ್ರಗಳು ಸಿಕ್ಕವು. ಕೆಲವು ಅರ್ಧ ಬೂದುಬಣ್ಣಕ್ಕೆ ತಿರುಗಿದ್ದವು.

ಕಾಣಿಸಿಕೊಳ್ಳದೇ ಹೋದ 128 ಜಿಬಿ ಕಾರ್ಡಿನ ವಿಷಯದಲ್ಲಿ ನಾನು ಕೈಚೆಲ್ಲಿದೆ. ಮೈಕ್ರೊಎಸ್‌ಡಿಯಲ್ಲಿ ಕಂಟ್ರೋಲರನ್ನೂ ಫ್ಲ್ಯಾಷ್ ಪದರಗಳನ್ನೂ ಒಂದರ ಮೇಲೊಂದು ಪೇರಿಸಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರೆ. ಕಂಟ್ರೋಲರು ಸತ್ತರೆ ಒಳಗಿನ ಸ್ಮೃತಿ ಸುಸ್ಥಿತಿಯಲ್ಲಿದ್ದರೂ ಬಾಗಿಲೇ ಇಲ್ಲದ ಕೋಣೆಯಂತೆ. ದತ್ತಾಂಶ ಮರುಪಡೆಯುವ ಪ್ರಯೋಗಾಲಯಗಳಲ್ಲಿ ಹೊರಕವಚವನ್ನು ಕೆರೆದು, ಒಳಗಿನ ಸಂಪರ್ಕ ಬಿಂದುಗಳಿಗೆ ಕೂದಲೆಳೆಯಂತಹ ತಂತಿಗಳನ್ನು ಬೆಸೆದು ಓದುವುದುಂಟು. ಅದು ಮನೆಯ ಮೇಜಿನ ಮೇಲಿನ ಕೆಲಸವಲ್ಲ.

ಚೆನ್ನಾಗಿದ್ದ ಆರು ಕಾರ್ಡುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಆದರೆ ಅವುಗಳನ್ನು ಸಾಲಾಗಿಟ್ಟರೆ ಒಂದು ಸಣ್ಣ ಇತಿಹಾಸ ಕಾಣುತ್ತದೆ. ದಪ್ಪನೆಯದು ಸ್ಯಾನ್‌ಡಿಸ್ಕ್ 1994ರಲ್ಲಿ ತಂದ ಕಾಂಪ್ಯಾಕ್ಟ್‌ಫ್ಲ್ಯಾಷ್. ಉದ್ದನೆಯದು ಸೋನಿಯ ಮೆಮೊರಿ ಸ್ಟಿಕ್, 1998ರದು. ಒಂದು ಕಂಪನಿಯ ಉಪಕರಣಗಳಾಚೆಗೆ ಅದು ಹೆಚ್ಚು ದೂರ ಹೋಗಲಿಲ್ಲ. ಉಳಿದ ನಾಲ್ಕೂ ಎಸ್‌ಡಿ ಮನೆತನದವು. ಪ್ಯಾನಾಸೋನಿಕ್, ಸ್ಯಾನ್‌ಡಿಸ್ಕ್ ಮತ್ತು ತೋಶಿಬಾ ಸೇರಿ 1999ರಲ್ಲಿ ಪ್ರಕಟಿಸಿದ ಈ ಮಾದರಿಯ ಸೆಕ್ಯೂರ್ ಡಿಜಿಟಲ್ ಎಂಬ ಪೂರ್ಣ ಹೆಸರಿನಲ್ಲಿ ಸುರಕ್ಷಿತ ಎಂಬ ಪದವಿರುವುದು ಹಾಡುಗಳ ನಕಲು ತಡೆಯುವ ಏರ್ಪಾಡಿಗಾಗಿ, ನಮ್ಮ ಚಿತ್ರಗಳ ಸುರಕ್ಷತೆಗಾಗಿ ಅಲ್ಲ. ಅದರ ಬದಿಯಲ್ಲಿರುವ ಬೀಗದ ಗುಂಡಿಯೂ ಹೀಗೆಯೇ ಹೆಸರಿಗೆ ಮಾತ್ರ. ಅದು ಒಳಗಿನ ಯಾವ ಸರ್ಕ್ಯೂಟಿಗೂ ತಾಗಿಲ್ಲ, ಗುಂಡಿ ಎಲ್ಲಿದೆಯೆಂದು ನೋಡಿ ಬರೆಯದೇ ಇರುವುದು ರೀಡರಿನ ಸೌಜನ್ಯಕ್ಕೆ ಬಿಟ್ಟದ್ದು. ಗುಂಡಿ ಕಳಚಿಬಿದ್ದು ಕಾರ್ಡು ಬರೆಸಿಕೊಳ್ಳಲು ಒಪ್ಪದಿದ್ದರೆ, ಆ ಜಾಗಕ್ಕೆ ಚೂರು ಟೇಪು ಅಂಟಿಸಿದರೆ ಸಾಕು. ಮೈಕ್ರೊಎಸ್‌ಡಿ 2004ರಲ್ಲಿ ಟ್ರಾನ್ಸ್‌ಫ್ಲ್ಯಾಷ್ ಎಂಬ ಹೆಸರಿನಿಂದ ಬಂದು ಮರುವರ್ಷ ಈಗಿನ ಹೆಸರು ಪಡೆಯಿತು. 15 ಮಿಮೀ ಉದ್ದ, 11 ಮಿಮೀ ಅಗಲ, 1 ಮಿಮೀ ದಪ್ಪ. ಬೀಗದ ಗುಂಡಿಗೆ ಅದರಲ್ಲಿ ಸ್ಥಳವೇ ಇಲ್ಲ.

ಈ ಮನೆತನದಲ್ಲಿ ಹೊರನೋಟಕ್ಕೆ ಒಂದೇ ಆಗಿದ್ದು ಒಳಗೆ ಬೇರೆಯಾದ ತಲೆಮಾರುಗಳಿರುವುದು ಅನೇಕರನ್ನು ಕಾಡುತ್ತದೆ. ಮೂಲ ಎಸ್‌ಡಿ 2 ಜಿಬಿವರೆಗೆ, 2006ರ ಎಸ್‌ಡಿಎಚ್‌ಸಿ 32 ಜಿಬಿವರೆಗೆ, 2009ರ ಎಸ್‌ಡಿಎಕ್ಸ್‌ಸಿ 2 ಟಿಬಿವರೆಗೆ, 2018ರ ಎಸ್‌ಡಿಯುಸಿ 128 ಟಿಬಿವರೆಗೆ. ಹೊಸ ರೀಡರಿನಲ್ಲಿ ಹಳೆಯ ಕಾರ್ಡು ನಡೆಯುತ್ತದೆ, ಹಳೆಯ ರೀಡರಿನಲ್ಲಿ ಹೊಸ ಕಾರ್ಡು ನಡೆಯದಿರಬಹುದು. ಆಗ ಈ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಕೆಟ್ಟಿರುವುದು ಕಾರ್ಡಲ್ಲ, ರೀಡರಿಗೆ ಅದರ ಭಾಷೆ ಬಾರದು ಎಂಬುದನ್ನು ಯೋಚಿಸದೆ ಒಪ್ಪಿಗೆ ಒತ್ತಿದವರು ಇದ್ದ ಚಿತ್ರಗಳನ್ನು ಕಳೆದುಕೊಂಡಿದ್ದಾರೆ. ಅವರಲ್ಲಿ ನಾನೂ ಒಬ್ಬ.

ಕಾರ್ಡಿನ ಮೇಲೆ ಅಚ್ಚಾಗಿರುವ ವೇಗದ ಗುರುತುಗಳೂ ಒಂದು ಬಗೆಯ ಮಾತೇ ತಾನೆ. ದಪ್ಪಕ್ಷರದಲ್ಲಿರುವ ದೊಡ್ಡ ಅಂಕಿ ಸಾಮಾನ್ಯವಾಗಿ ಅನುಕೂಲ ಸ್ಥಿತಿಯಲ್ಲಿ ಓದುವ ಗರಿಷ್ಠ ವೇಗ; ವಿಡಿಯೊ ತೆಗೆಯುವವರಿಗೆ ಬೇಕಾದದ್ದು ಎಂದೂ ಇಳಿಯದ ಕನಿಷ್ಠ ಬರೆಯುವ ವೇಗ. ಅದನ್ನು ಹೇಳುವುದು ಸಣ್ಣ ಗುರುತುಗಳು. ಬೋಗುಣಿಯಂತಹ ಯು ಅಕ್ಷರದೊಳಗೆ 1 ಇದ್ದರೆ ಸೆಕೆಂಡಿಗೆ 10 ಎಂಬಿ, 3 ಇದ್ದರೆ 30 ಎಂಬಿ; ವಿ ಅಕ್ಷರದ ಮುಂದಿನ ಅಂಕಿ ನೇರವಾಗಿ ಎಂಬಿಯನ್ನೇ ಹೇಳುತ್ತದೆ. ಕ್ಯಾಮೆರಾದ ಕೈಪಿಡಿಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಎಂದಿದ್ದರೆ ಅದು 12.5 ಮೆಗಾಬೈಟ್ ಮಾತ್ರ, ವಿ30 ಕಾರ್ಡು ಧಾರಾಳವಾಗಿ ಸಾಕು. ಫೋನಿನಲ್ಲಿ ಆ್ಯಪ್‌ಗಳನ್ನು ಕಾರ್ಡಿನಿಂದಲೇ ನಡೆಸುವವರು ಎ1, ಎ2 ಗುರುತುಗಳನ್ನು ನೋಡಬೇಕು. ಚದುರಿದ ಸಣ್ಣ ಸಣ್ಣ ಓದು ಬರಹಗಳನ್ನು ಸೆಕೆಂಡಿಗೆ ಎಷ್ಟು ನಿಭಾಯಿಸಬಲ್ಲದೆಂಬ ಅಳತೆ ಅದು. ಆಂಡ್ರಾಯ್ಡ್ 6ರಿಂದ ಕಾರ್ಡನ್ನು ಫೋನಿನ ಒಳಸ್ಮೃತಿಯ ಭಾಗವಾಗಿಯೇ ಸೇರಿಸಿಕೊಳ್ಳುವ ಸೌಲಭ್ಯ ಬಂದಿತು. ಹಾಗೆ ಸೇರಿಸಿಕೊಂಡ ಕಾರ್ಡು ಗೂಢಲಿಪಿಯಲ್ಲಿ ಆ ಒಂದು ಫೋನಿಗೆ ಕಟ್ಟುಬೀಳುತ್ತದೆ. ಫೋನು ಕೆಟ್ಟರೆ ಸುಸ್ಥಿತಿಯಲ್ಲಿರುವ ಕಾರ್ಡನ್ನೂ ಬೇರೆಲ್ಲಿಯೂ ಓದಲಾಗದು.

ಈಗ ನಾನು ಕಾರ್ಡಿನಲ್ಲಿ ಏನನ್ನೂ ಉಳಿಸುವುದಿಲ್ಲ. ಬಂದ ದಿನವೇ ಪೂರ್ತಿ ತುಂಬಿಸಿ ಪರೀಕ್ಷಿಸುತ್ತೇನೆ, ತೆಗೆದ ಚಿತ್ರಗಳನ್ನು ಎರಡು ಬೇರೆ ಡಿಸ್ಕುಗಳಿಗೆ ಇಳಿಸಿ, ಎರಡನ್ನೂ ತೆರೆದು ನೋಡಿದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡುತ್ತೇನೆ. ಸಾಗಿಸಲು ಅದಕ್ಕಿಂತ ಚೊಕ್ಕವಾದ ವಸ್ತು ನನಗೆ ತಿಳಿದಿಲ್ಲ. ಕೂಡಿಡಲು ಅದಕ್ಕಿಂತ ಕಳಪೆಯಾದುದನ್ನು ನಾನು ಬಳಸಿಲ್ಲ.

ಹೀಗೆಂದು ಬರೆದ ಮೇಲೆ ಹನ್ನೊಂದನೆಯ ಕಾರ್ಡಿನ ವಿಷಯವನ್ನು ಮುಚ್ಚಿಡುವುದು ನ್ಯಾಯವಲ್ಲ. ರೀಡರ್ ಇಲ್ಲದೆ ಉಳಿದಿದ್ದ ಆ 16 ಎಂಬಿ ಕಾರ್ಡು ಸ್ಮಾರ್ಟ್‌ಮೀಡಿಯಾ ಎಂಬ ಜಾತಿಯದು, ತೋಶಿಬಾ 1995ರಲ್ಲಿ ಹೊರತಂದದ್ದು. ರಟ್ಟಿನ ಹಾಳೆಯಂತೆ ತೆಳ್ಳಗಿರುವ ಅದರಲ್ಲಿ ಕಂಟ್ರೋಲರೇ ಇಲ್ಲ. ಬರಿಯ ಫ್ಲ್ಯಾಷ್ ಚಿಪ್ಪು ಮತ್ತು ಹೊಂಬಣ್ಣದ ಸಂಪರ್ಕ ಪಟ್ಟಿಗಳು. ಲೆಕ್ಕಪತ್ರವನ್ನೆಲ್ಲ ಕ್ಯಾಮೆರಾವೇ ನೋಡಿಕೊಳ್ಳಬೇಕಾಗಿತ್ತು. ಹೊಸದಾಗಿ ಬಂದ ಹೆಚ್ಚಿನ ಸಾಮರ್ಥ್ಯದ ಕಾರ್ಡುಗಳನ್ನು ಹಳೆಯ ಕ್ಯಾಮೆರಾಗಳು ಅರ್ಥಮಾಡಿಕೊಳ್ಳಲಾಗದೆ ಹೋದದ್ದು ಇದರಿಂದಲೇ, ಮತ್ತು ಆ ಜಾತಿ 128 ಎಂಬಿಯನ್ನು ದಾಟದೆ ಅಳಿಯಿತು. ಹಳೆಯ ವಸ್ತುಗಳನ್ನು ಬಿಸಾಡದ ಗೆಳೆಯರೊಬ್ಬರ ಬಳಿ ಒಂದು ರೀಡರ್ ಸಿಕ್ಕಿತು. ಒಂದು ಕೋಶಕ್ಕೆ ಒಂದೇ ಬಿಟ್ ಇಟ್ಟುಕೊಂಡು, ಯಾರೂ ವಿದ್ಯುತ್ ಕೊಡದೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ಖಾನೆಯ ಕತ್ತಲಲ್ಲಿ ಬಿದ್ದಿದ್ದ ಅದರಲ್ಲಿ 31 ಚಿತ್ರಗಳಿದ್ದವು, ಒಂದೊಂದೂ 1280×960 ಚುಕ್ಕೆಗಳದು. ಮೂವತ್ತೊಂದೂ ತೆರೆದುಕೊಂಡವು.